ಲೈಟ್‌ರೂಮ್ ಬಿಟ್ಟು ಬೇರೆ ಕಡೆ ಹೋಗೋರಿಗೆ: ಎಡಿಟ್ ಮಾಡಿದ ರಾ ಫೋಟೋಗಳನ್ನ ಸಾಗಿಸೋದು ಹೇಗೆ

ಲೈಟ್‌ರೂಮ್‌ಗೆ (ಅಡೋಬಿ ಕಂಪನಿಯ ಫೋಟೋ ಎಡಿಟಿಂಗ್ ಪ್ರೋಗ್ರಾಂ) ತಿಂಗಳು ತಿಂಗಳು ದುಡ್ಡು ಕಟ್ಟಿ ಸಾಕಾಗಿದೆ, ಅದೇ ಥರದ ಡಾರ್ಕ್‌ಟೇಬಲ್ ಫ್ರೀ ಅಂತೆ, ಅಲ್ಲಿಗೆ ಹೋದ್ರೆ ಇಷ್ಟು ವರ್ಷ ಕೂತು ಮಾಡಿದ ಎಡಿಟ್ ಎಲ್ಲಾ ಹಾಗೇ ಬರತ್ತಾ ಅಂತ ಕೇಳೋರು ತುಂಬಾ ಜನ. ಹಾಗೇ ಬರಲ್ಲ. ಈ ಮಾತನ್ನ ಮೊದಲೇ ತಲೇಲಿ ಹಾಕ್ಕೊಂಡ್ರೆ ಮುಂದಿನ ಕೆಲಸ ಸಲೀಸು, ಇಲ್ಲಾಂದ್ರೆ ಎಲ್ಲಾ ಫೋಟೋನೂ ಒಂದೇ ಏಟಿಗೆ ಕನ್ವರ್ಟ್ ಮಾಡೋ ಸಾಫ್ಟ್‌ವೇರ್ ಹುಡುಕ್ತಾ ಭಾನುವಾರ ಪೂರ್ತಿ ಹೋಗತ್ತೆ. ಫೋಟೋ ಬರತ್ತೆ, ಫೋಟೋ ಜೊತೆ ಇರೋ ಮಾಹಿತಿ (ಸ್ಟಾರ್, ಕೀವರ್ಡ್, ಕ್ಯಾಪ್ಷನ್) ಬರತ್ತೆ, ಎಡಿಟ್ ಮಾತ್ರ ಅರೆಬರೆ ಬರತ್ತೆ. ಅದಕ್ಕೇ ನಾನು ಹೇಳೋದು, ಎಡಿಟ್ ಸಾಗಿಸೋ ಆಸೆ ಬಿಡಿ, ಯಾವ ಫೋಟೋನ ಯಾವ ರೂಪದಲ್ಲಿ ಸಾಗಿಸ್ಬೇಕು ಅಂತ ಯೋಚ್ನೆ ಮಾಡಿ.

ಯಾಕೆ ಹೀಗೆ ಅಂತ ಸ್ವಲ್ಪ ಹೇಳ್ಬಿಡ್ತೀನಿ. ನೀವು ಎಕ್ಸ್‌ಪೋಶರ್ ಎಳೆದಾಗ, ಕ್ರಾಪ್ ಮಾಡಿದಾಗ ರಾ ಫೈಲ್‌ನ (ಕ್ಯಾಮೆರಾ ಸೆನ್ಸರ್ ಕೊಟ್ಟ ಡೇಟಾ ಹಾಗ್‌ಹಾಗೇ ಇರೋ ಫೈಲ್) ಪಿಕ್ಸೆಲ್ ಒಂದೂ ಬದಲಾಗಲ್ಲ, ಆ ಪ್ರೋಗ್ರಾಂ ತನ್ನ ಪಾಡಿಗೆ ಪಕ್ಕದಲ್ಲಿ ಒಂದು ಟಿಪ್ಪಣಿ ಬರ್ಕೊಳ್ಳತ್ತೆ ಅಷ್ಟೆ. ಟೈಲರ್ ಅಂಗಡಿಯ ಅಳತೆ ಪುಸ್ತಕ ನೋಡಿದೀರಲ್ಲ, ಅವರದೇ ಗೀಟು, ಅವರದೇ ಅಕ್ಷರ, ಅದನ್ನ ಪಕ್ಕದ ಬೀದಿ ಟೈಲರ್ ಕೈಗೆ ಕೊಟ್ರೆ ಉದ್ದ ಅಗಲ ಎಷ್ಟು ಅಂತ ಹೇಗೋ ಓದ್ಬಹುದು, ಆದ್ರೆ ಕಟಿಂಗ್ ಬೇರೇನೇ ಆಗತ್ತೆ. ಇಲ್ಲೂ ಅದೇ ಕಥೆ.

ಈ ಟಿಪ್ಪಣಿ ಎಲ್ಲಿರತ್ತೆ ಅನ್ನೋದು ಒಂದೊಂದು ಪ್ರೋಗ್ರಾಂಗೆ ಒಂದೊಂದು ಥರ. ಲೈಟ್‌ರೂಮ್ ಕ್ಲಾಸಿಕ್ ಎಲ್ಲವನ್ನೂ ತನ್ನ ಕ್ಯಾಟಲಾಗ್ (ಎಲ್ಲಾ ಫೋಟೋಗಳ ಲೆಕ್ಕ ಇಡೋ ಡೇಟಾಬೇಸ್ ಫೈಲ್) ಒಳಗೆ ಇಟ್ಕೊಳ್ಳತ್ತೆ, ನೀವು ಕೇಳಿದ್ರೆ ಮಾತ್ರ ರಾ ಫೈಲ್ ಪಕ್ಕ ಎಕ್ಸ್‌ಎಂಪಿ ಅನ್ನೋ ಸೈಡ್‌ಕಾರ್ ಫೈಲ್ ಬರೆಯತ್ತೆ (ಅಡೋಬಿಯ ರಾ ಫಾರ್ಮ್ಯಾಟ್ ಡಿಎನ್‌ಜಿ ಆದ್ರೆ ಫೈಲ್ ಒಳಗೇ ಬರೆಯತ್ತೆ). ಡಾರ್ಕ್‌ಟೇಬಲ್ ಕೂಡ ಎಕ್ಸ್‌ಎಂಪಿನೇ ಬರೆಯತ್ತೆ, ರಾಥೆರಪಿದು ಪಿಪಿ3, ಡಿಎಕ್ಸ್‌ಒ ಫೋಟೋಲ್ಯಾಬ್‌ದು ಡಿಒಪಿ, ಕ್ಯಾಪ್ಚರ್ ಒನ್ ಸೆಷನ್ ಆದ್ರೆ ಫೋಟೋ ಫೋಲ್ಡರ್ ಒಳಗೆ ಕ್ಯಾಪ್ಚರ್ ಒನ್ ಅಂತ ಒಂದು ಸಬ್‌ಫೋಲ್ಡರ್ ಮಾಡಿ ಅದರಲ್ಲಿ ಇಡತ್ತೆ, ನಿಕಾನ್ ಎನ್‌ಎಕ್ಸ್ ಸ್ಟುಡಿಯೋನೂ ಹಾಗೇ ತನ್ನದೊಂದು ಫೋಲ್ಡರ್ ಮಾಡತ್ತೆ. ಕ್ಯಾನನ್‌ನ ಡಿಪಿಪಿ ಮಾತ್ರ ಎಡಿಟ್‌ನ ನೇರ ರಾ ಫೈಲ್ ಒಳಗೇ ತುರುಕತ್ತೆ. ಇದ್ಯಾವುದೂ ಗೊತ್ತಿಲ್ದೆ "ಈ ಎರಡು ಕೆಬಿ ಫೈಲ್‌ಗಳು ಯಾಕಪ್ಪಾ ಬೇಕು" ಅಂತ ಹಾರ್ಡ್‌ಡಿಸ್ಕ್ ಕ್ಲೀನ್ ಮಾಡೋವಾಗ ಡಿಲೀಟ್ ಹೊಡೆಯೋರಿದಾರೆ, ಕೈ ಮುಗಿದು ಕೇಳ್ಕೋತೀನಿ, ಬೇಡ.

ನಂಬಿಕೆ ಬರಲ್ಲ ಅಂದ್ರೆ ಒಂದು ಸೈಡ್‌ಕಾರ್ ಫೈಲ್‌ನ ನೋಟ್‌ಪ್ಯಾಡ್‌ನಲ್ಲಿ ತೆಗೆದು ನೋಡಿ, ಏನೂ ಹಾಳಾಗಲ್ಲ, ಸೇವ್ ಮಾಡದೆ ಕ್ಲೋಸ್ ಮಾಡಿದ್ರಾಯ್ತು. ಲೈಟ್‌ರೂಮ್ ಬರೆದ ಎಕ್ಸ್‌ಎಂಪಿಲಿ ಎಕ್ಸ್‌ಪೋಶರ್2012, ಹೈಲೈಟ್ಸ್2012, ಶ್ಯಾಡೋಸ್2012, ಕ್ಲಾರಿಟಿ2012 ಅಂತ ಸಾಲುಸಾಲು ಕಾಣತ್ತೆ, ಪಕ್ಕದಲ್ಲಿ +0.65, -40 ಹೀಗೆ ನೀವು ಸ್ಲೈಡರ್ ಎಳೆದ ನಂಬರ್. ಆ 2012 ಅನ್ನೋದು ಅಡೋಬಿ ತನ್ನ ಲೆಕ್ಕಾಚಾರನ ಬದಲಾಯಿಸಿದ ವರ್ಷ, ಲೈಟ್‌ರೂಮ್ 4 ಬಂದಾಗಿಂದು. ಅಂದ್ರೆ ಅಡೋಬಿ ಒಳಗೇ ಹಳೇ ಹೈಲೈಟ್ಸ್ ಬೇರೆ, ಹೊಸ ಹೈಲೈಟ್ಸ್ ಬೇರೆ! ಈಗ ಡಾರ್ಕ್‌ಟೇಬಲ್ ಬರೆದ ಎಕ್ಸ್‌ಎಂಪಿ ತೆಗೀರಿ, ಅದರಲ್ಲಿ ಹಿಸ್ಟರಿ ಅಂತ ಇರತ್ತೆ, ಒಂದೊಂದು ಮಾಡ್ಯೂಲ್ (ಎಡಿಟ್ ಮಾಡೋ ಟೂಲ್) ಹೆಸರು, ಅದರ ಮುಂದೆ ಮನುಷ್ಯರಿಗೆ ಓದಕ್ಕಾಗದ ಉದ್ದನೆಯ ಅಕ್ಷರ-ಅಂಕಿಗಳ ಸರಮಾಲೆ. ಎರಡಕ್ಕೂ ಫೈಲ್ ಎಕ್ಸ್‌ಟೆನ್ಷನ್ ಒಂದೇ, ಒಳಗಿನ ಭಾಷೆ ಪೂರ್ತಿ ಬೇರೆ. ಎಕ್ಸ್‌ಎಂಪಿ ಅನ್ನೋದು ಸ್ಟ್ಯಾಂಡರ್ಡ್ ಹೌದು, 2012ರಲ್ಲಿ ಐಎಸ್‌ಒ ಸ್ಟ್ಯಾಂಡರ್ಡೂ ಆಯ್ತು, ಆದ್ರೆ ಸ್ಟ್ಯಾಂಡರ್ಡ್ ಆಗಿರೋದು ಡಬ್ಬಿ ಮಾತ್ರ, ಡಬ್ಬಿ ಒಳಗೆ ಯಾರು ಬೇಕಾದ್ರೂ ತಮ್ಮದೇ ಸಾಮಾನು ಹಾಕ್ಬಹುದು.

ಸರಿ, ನಂಬರ್ ಓದಿಕೊಂಡ್ರೂ ಯಾಕೆ ಅದೇ ಫೋಟೋ ಬರಲ್ಲ? ಮದುವೆ ಫೋಟೋ ಒಂದನ್ನ ತಗೊಳ್ಳಿ, ಧಾರೆ ಹೊತ್ತಿನದು, ಮಂಟಪದಲ್ಲಿ ವಿಡಿಯೋದವರ ಲೈಟು ಹಳದಿ ಹೊಡೀತಿದೆ, ಹುಡುಗಿ ಕೆಂಪು ರೇಷ್ಮೆ ಸೀರೆ ಉಟ್ಟಿದಾಳೆ. ಅದೇ ರಾ ಫೈಲ್‌ನ ಲೈಟ್‌ರೂಮ್‌ನಲ್ಲೂ ಡಾರ್ಕ್‌ಟೇಬಲ್‌ನಲ್ಲೂ ಏನೂ ಮುಟ್ಟದೆ ತೆಗೆದು ನೋಡಿ. ಒಂದರಲ್ಲಿ ಸೀರೆ ಕೆಂಪು ಸ್ವಲ್ಪ ಕಿತ್ತಳೆ ಕಡೆ ವಾಲಿರತ್ತೆ, ಇನ್ನೊಂದರಲ್ಲಿ ಗಾಢವಾಗಿರತ್ತೆ, ಸೀರೆ ಮಡಿಕೆ ಬೇರೆ ಥರ ಕಾಣತ್ತೆ, ಜರಿ ಹೊಳಪು ಒಂದರಲ್ಲಿ ಬಿಳಿ, ಇನ್ನೊಂದರಲ್ಲಿ ಹಳದಿ ಉಳ್ಕೊಂಡಿರತ್ತೆ. ಸ್ಲೈಡರ್ ಮುಟ್ಟೋಕೆ ಮುಂಚೇನೇ ಇಷ್ಟು ವ್ಯತ್ಯಾಸ, ಯಾಕಂದ್ರೆ ಲೈಟ್‌ರೂಮ್ ಸದ್ದಿಲ್ಲದೆ ಅಡೋಬಿ ಕಲರ್ ಅನ್ನೋ ಪ್ರೊಫೈಲ್ ಹಾಕಿರತ್ತೆ, ಡಾರ್ಕ್‌ಟೇಬಲ್ ತನ್ನ ಸಿಗ್ಮಾಯ್ಡ್ ಅಥವಾ ಫಿಲ್ಮಿಕ್ (ಬೆಳಕು-ನೆರಳನ್ನ ಸ್ಕ್ರೀನ್‌ಗೆ ಹೊಂದಿಸೋ ಮಾಡ್ಯೂಲ್) ಹಾಕಿ ಎಕ್ಸ್‌ಪೋಶರ್‌ನ ಮೊದಲೇ 0.7 ಸ್ಟಾಪ್ (ಬೆಳಕಿನ ಅಳತೆ) ಏರಿಸಿ ಕೂತಿರತ್ತೆ. ಇದರ ಮೇಲೆ ಲೈಟ್‌ರೂಮ್‌ನ ಹೈಲೈಟ್ಸ್ -40ನ ತಂದು ಕೂರಿಸಿದ್ರೆ ಅದಕ್ಕೇನು ಬೆಲೆ? ವೈಟ್ ಬ್ಯಾಲೆನ್ಸ್ ಕೂಡ ಹಾಗೇ, 4800 ಕೆಲ್ವಿನ್ ಅಂತ ಎರಡರಲ್ಲೂ ಟೈಪ್ ಮಾಡಿದ್ರೆ ಒಂದೇ ಬಣ್ಣ ಬರತ್ತೆ ಅಂತೇನಿಲ್ಲ, ಕ್ಯಾಮೆರಾದ ಡೇಟಾ ಇಟ್ಕೊಂಡು ಆ ನಂಬರ್ ಲೆಕ್ಕ ಹಾಕೋ ರೀತಿ ಒಬ್ಬೊಬ್ಬರದು ಒಂದೊಂದು.

ಹೊರಡೋ ಮುಂಚೆ ಲೈಟ್‌ರೂಮ್‌ನಲ್ಲಿ ಮಾಡ್ಬೇಕಾದ್ದು

ಮೊದಲು ಲೈಟ್‌ರೂಮ್ ಕ್ಲೋಸ್ ಮಾಡಿ ಕ್ಯಾಟಲಾಗ್ ಫೈಲ್‌ನ (ಎಲ್‌ಆರ್‌ಕ್ಯಾಟ್ ಅಂತ ಕೊನೆಯಾಗತ್ತಲ್ಲ ಅದು) ಬೇರೆ ಡ್ರೈವ್‌ಗೆ ಕಾಪಿ ಹೊಡ್ಕೊಳ್ಳಿ. ಆಮೇಲೆ ನಿಮ್ಮ ಎಲ್ಲಾ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಸಿಗಿಸಿ, ಯಾಕಂದ್ರೆ ಡಿಸ್ಕ್ ಕನೆಕ್ಟ್ ಆಗಿಲ್ದೆ ಇರೋ ಫೋಟೋಗಳಿಗೆ ಸೈಡ್‌ಕಾರ್ ಬರೆಯಕ್ಕಾಗಲ್ಲ. ಆಲ್ ಫೋಟೋಗ್ರಾಫ್ಸ್‌ಗೆ ಹೋಗಿ, ಗ್ರಿಡ್ ವ್ಯೂನಲ್ಲೇ ಇದ್ದು (ಒಂದೇ ಫೋಟೋ ದೊಡ್ಡದಾಗಿ ತೆಗೆದಿಟ್ಟು ಮಾಡಿದ್ರೆ ಆ ಒಂದಕ್ಕೇ ಆಗೋ ಚಾನ್ಸ್ ಇದೆ) ಕಂಟ್ರೋಲ್ ಎ, ಆಮೇಲೆ ಕಂಟ್ರೋಲ್ ಎಸ್. ಮ್ಯಾಕ್ ಆದ್ರೆ ಕಮಾಂಡ್. ಫೋಟೋ ಜಾಸ್ತಿ ಇದ್ರೆ ಇದಕ್ಕೆ ಹೊತ್ತು ಹಿಡಿಯತ್ತೆ, ಕಾಫಿ ಕುಡ್ಕೊಂಡು ಬನ್ನಿ. ಕ್ಯಾಟಲಾಗ್ ಸೆಟ್ಟಿಂಗ್ಸ್‌ನ ಮೆಟಾಡೇಟಾ ಟ್ಯಾಬ್‌ನಲ್ಲಿ ಎಕ್ಸ್‌ಎಂಪಿನ ಆಟೋಮ್ಯಾಟಿಕ್ ಆಗಿ ಬರೆಯೋ ಒಂದು ಟಿಕ್ ಬಾಕ್ಸ್ ಇದೆ, ನನ್ನ ಕೇಳಿದ್ರೆ ಅದನ್ನ ಮೊದಲ ದಿನದಿಂದಲೇ ಆನ್ ಇಡ್ಬೇಕಿತ್ತು, ಪರವಾಗಿಲ್ಲ, ಈಗಲಾದ್ರೂ ಆನ್ ಮಾಡಿ.

ಈಗ ಎಕ್ಸ್‌ಎಂಪಿಗೆ ಹೋಗದೇ ಕ್ಯಾಟಲಾಗ್‌ನಲ್ಲೇ ಉಳಿಯೋ ಸಾಮಾನುಗಳ ಕಥೆ. ಎಡಿಟ್ ಹಿಸ್ಟರಿಯ ಒಂದೊಂದು ಹೆಜ್ಜೆ ಹೋಗಲ್ಲ, ಹೋಗ್ಲಿ ಬಿಡಿ, ಯಾರಿಗೆ ಬೇಕು. ಕಲೆಕ್ಷನ್ ಹೋಗಲ್ಲ, ಇದು ತಲೆನೋವು. "ರಿಸೆಪ್ಷನ್ ಆಲ್ಬಂ ಫೈನಲ್" ಅಂತ ಕಲೆಕ್ಷನ್ ಮಾಡಿಟ್ಟಿದ್ರೆ ಆ ಕಲೆಕ್ಷನ್ ತೆಗೆದು ಎಲ್ಲಾ ಸೆಲೆಕ್ಟ್ ಮಾಡಿ ಅದೇ ಹೆಸರಲ್ಲಿ ಒಂದು ಕೀವರ್ಡ್ ಹಾಕ್ಬಿಡಿ, ಕೀವರ್ಡ್ ಎಲ್ಲಿಗೆ ಬೇಕಾದ್ರೂ ಹೋಗತ್ತೆ. ಪಿಕ್ ಫ್ಲ್ಯಾಗ್‌ನ (ಆರಿಸಿದ ಫೋಟೋಗೆ ಹಾಕೋ ಬಾವುಟದ ಗುರುತು) ನಂಬ್ಕೋಬೇಡಿ, ಫ್ಲ್ಯಾಗ್ ಹಾಕಿರೋದನ್ನ ಫಿಲ್ಟರ್ ಮಾಡಿ ಸ್ಟಾರ್ ಕೊಡಿ, ಸ್ಟಾರ್ ರೇಟಿಂಗ್‌ನ ಎಲ್ಲರೂ ಓದ್ತಾರೆ. ವರ್ಚುವಲ್ ಕಾಪಿಗಳು (ಒಂದು ಕಲರ್, ಒಂದು ಬ್ಲ್ಯಾಕ್ ಅಂಡ್ ವೈಟ್ ಅಂತ ಮಾಡಿರ್ತೀರಲ್ಲ) ಸೈಡ್‌ಕಾರ್‌ಗೆ ಬರೋದೇ ಇಲ್ಲ, ಒಂದು ರಾ ಫೈಲ್‌ಗೆ ಒಂದೇ ಎಕ್ಸ್‌ಎಂಪಿ. ಅವು ಬೇಕೇ ಬೇಕು ಅಂದ್ರೆ ಆ ಕಾಪಿನ ಎಕ್ಸ್‌ಪೋರ್ಟ್‌ನಲ್ಲಿ ಒರಿಜಿನಲ್ ಫಾರ್ಮ್ಯಾಟ್ ಅಂತ ಕೊಟ್ಟು ಹೊರಗೆ ತೆಗೀರಿ, ಬೇರೆ ಹೆಸರಲ್ಲಿ ಇನ್ನೊಂದು ರಾ, ಅದರ ಜೊತೆ ಅದರದ್ದೇ ಎಕ್ಸ್‌ಎಂಪಿ ಬರತ್ತೆ, ಡಿಸ್ಕ್ ಜಾಗ ತಿನ್ನತ್ತೆ ಆದ್ರೆ ಎಡಿಟ್ ಉಳಿಯತ್ತೆ.

ಕಲರ್ ಲೇಬಲ್‌ನಲ್ಲಿ ಒಂದು ಚೇಷ್ಟೆ ಇದೆ. ಎಕ್ಸ್‌ಎಂಪಿ ಒಳಗೆ ಬಣ್ಣ ಅಂತ ಏನೂ ಇರಲ್ಲ, "ರೆಡ್" ಅನ್ನೋ ಅಕ್ಷರ ಇರತ್ತೆ. ಅಡೋಬಿ ಬ್ರಿಡ್ಜ್‌ನಲ್ಲಿ ಕೆಂಪಿಗೆ ಡೀಫಾಲ್ಟ್ ಆಗಿ "ಸೆಲೆಕ್ಟ್" ಅಂತ ಹೆಸರು, ಹಾಗಾಗಿ ಒಂದೇ ಕಂಪನಿಯ ಎರಡು ಪ್ರೋಗ್ರಾಂ ನಡುವೇನೇ ಕೆಂಪು ಹೋಗಿ ಬಿಳಿ ಆಗಿ ಕೂರತ್ತೆ. ಲೇಬಲ್ ಹೆಸರನ್ನ ಎರಡೂ ಕಡೆ ಒಂದೇ ಮಾಡಿಟ್ಕೊಳ್ಳಿ.

ಅಡೋಬಿಯಿಂದ ಅಡೋಬಿಗೇ ಹೋಗೋರಿಗೆ, ಅಂದ್ರೆ ಲೈಟ್‌ರೂಮ್ ಕ್ಲಾಸಿಕ್‌ನಿಂದ ಫೋಟೋಶಾಪ್‌ನ ಕ್ಯಾಮೆರಾ ರಾಗೆ ಅಥವಾ ಫ್ರೆಂಡ್ ಕಂಪ್ಯೂಟರ್‌ನ ಲೈಟ್‌ರೂಮ್‌ಗೆ, ಕಥೆ ಇಲ್ಲಿಗೇ ಮುಗೀತು. ರಾ ಮತ್ತು ಎಕ್ಸ್‌ಎಂಪಿ ಒಂದೇ ಫೋಲ್ಡರ್‌ನಲ್ಲಿ ಕಳ್ಸಿ, ಎಡಿಟ್ ಹಾಗ್‌ಹಾಗೇ ಬರತ್ತೆ, ಇಂಜಿನ್ ಒಂದೇ. ಹೊಸ ವರ್ಷನ್‌ನಲ್ಲಿ ಎಐ ಎಡಿಟ್‌ಗಳಿಗೆ ಎಸಿಆರ್ ಅನ್ನೋ ಇನ್ನೊಂದು ಸೈಡ್‌ಕಾರ್ ಬರತ್ತೆ, ಕಂಡ್ರೆ ಅದನ್ನೂ ಜೊತೆಗೆ ಕಳ್ಸಿ. ಅವರದು ಹಳೇ ವರ್ಷನ್ ಆದ್ರೆ ಹೊಸ ಮಾಸ್ಕ್‌ಗಳು (ಫೋಟೋದ ಒಂದು ಭಾಗಕ್ಕೆ ಮಾತ್ರ ಮಾಡೋ ಎಡಿಟ್) ಅರ್ಥ ಆಗಲ್ಲ, ಅದು ಇದ್ದಿದ್ದೇ.

ಮೂರು ಗುಂಪು

ಎಲ್ಲಾ ಫೋಟೋನ ಒಂದೇ ಥರ ನೋಡ್ಬೇಡಿ. ಕೆಲಸ ಮುಗಿದು ಕ್ಲೈಂಟ್‌ಗೆ ಕೊಟ್ಟಾಗಿರೋ ಫೋಟೋಗಳು ಒಂದು ಗುಂಪು, ಮುಂದೆ ಇನ್ನೂ ಕೈಯಾಡಿಸ್ಬೇಕು ಅನ್ನೋ ಒಳ್ಳೆ ಫೋಟೋಗಳು ಇನ್ನೊಂದು, ಎಡಿಟೇ ಆಗದೆ ಬಿದ್ದಿರೋದು ಮೂರನೇದು. ಈ ಮೂರನೇದಕ್ಕೆ ರಾ, ಎಕ್ಸ್‌ಎಂಪಿ ಎರಡನ್ನೂ ಸಾಗಿಸಿದ್ರೆ ಸಾಕು, ಯೋಚ್ನೆನೇ ಬೇಡ.

ಮುಗಿದ ಕೆಲಸಕ್ಕೆ ಫುಲ್ ಸೈಜ್ ಜೆಪೆಗ್, ಕಲರ್ ಸ್ಪೇಸ್ (ಫೈಲ್ ಎಷ್ಟು ಬಣ್ಣ ಹಿಡಿಯತ್ತೆ ಅನ್ನೋ ಅಳತೆ) ಎಸ್‌ಆರ್‌ಜಿಬಿ, ಕ್ವಾಲಿಟಿ 90ರ ಮೇಲೆ. ಆಲ್ಬಂ ಡಿಸೈನರ್‌ಗೂ ಪ್ರಿಂಟ್ ಲ್ಯಾಬ್‌ಗೂ ಸಾಮಾನ್ಯವಾಗಿ ಹೋಗೋದು ಇದೇ, ಐದು ವರ್ಷ ಆದ್ಮೇಲೆ ಅವರಮ್ಮ ಫೋನ್ ಮಾಡಿ ಇನ್ನೊಂದು ಕಾಪಿ ಕೇಳಿದಾಗಲೂ ಬೇಕಾಗೋದು ಇದೇ.

ಒಳ್ಳೆ ಫೋಟೋಗಳಿಗೆ 16 ಬಿಟ್ ಟಿಫ್. ಇದು ನಿಜವಾಗ್ಲೂ ಎಲ್ಲಾ ಪ್ರೋಗ್ರಾಂಗೂ ಅರ್ಥ ಆಗೋ ರೂಪ, ಎಡಿಟ್ ಪೂರ್ತಿ ಪಿಕ್ಸೆಲ್ ಆಗಿ ಗಟ್ಟಿಯಾಗಿರತ್ತೆ. ಎಕ್ಸ್‌ಪೋರ್ಟ್ ಮಾಡೋವಾಗ ರೀಸೈಜ್ ಆಫ್, ಔಟ್‌ಪುಟ್ ಶಾರ್ಪನಿಂಗ್ ಆಫ್, ಕಲರ್ ಸ್ಪೇಸ್ ಪ್ರೋಫೋಟೋ ಅಥವಾ ಅಡೋಬಿ ಆರ್‌ಜಿಬಿ. ಪ್ರೋಫೋಟೋನ 8 ಬಿಟ್‌ಗೆ ಮಾತ್ರ ಕೊಡ್ಬೇಡಿ, ಆಕಾಶದಲ್ಲಿ ಪಟ್ಟೆ ಪಟ್ಟೆ ಬರತ್ತೆ. ಸೈಜ್ ನೋಡಿ ಗಾಬರಿ ಆಗ್ಬೇಡಿ, 24 ಮೆಗಾಪಿಕ್ಸೆಲ್ ಫೋಟೋಗೆ ಪಿಕ್ಸೆಲ್‌ಗೆ ಮೂರು ಬಣ್ಣ, ಬಣ್ಣಕ್ಕೆ 2 ಬೈಟ್, ಒಟ್ಟು 144 ಎಂಬಿ, ಕಂಪ್ರೆಷನ್ ಇಲ್ದೆ. ಅದಕ್ಕೇ ಎಲ್ಲದಕ್ಕೂ ಟಿಫ್ ಮಾಡಕ್ಕೆ ಹೋಗ್ಬೇಡಿ, ನಾಲ್ಕು ಸ್ಟಾರ್, ಐದು ಸ್ಟಾರ್‌ಗೆ ಮಾತ್ರ. ಇನ್ನೊಂದು, ಟಿಫ್ ಆದ್ಮೇಲೆ ರಾನಲ್ಲಿದ್ದ ಸಲಿಗೆ ಇರಲ್ಲ: ಸುಟ್ಟು ಹೋದ ಹೈಲೈಟ್ ವಾಪಸ್ ಬರಲ್ಲ, ವೈಟ್ ಬ್ಯಾಲೆನ್ಸ್ ಜಾಸ್ತಿ ಎಳೆಯಕ್ಕಾಗಲ್ಲ (ಲೈಟ್‌ರೂಮ್‌ನಲ್ಲೇ ಟಿಫ್ ತೆಗೆದ್ರೆ ಟೆಂಪರೇಚರ್ ಸ್ಲೈಡರ್ ಕೆಲ್ವಿನ್ ಬಿಟ್ಟು -100ರಿಂದ +100 ಆಗಿರತ್ತೆ ನೋಡಿ). ಡಾರ್ಕ್‌ಟೇಬಲ್‌ನಲ್ಲಿ ಈ ಟಿಫ್ ತೆಗೆದ್ರೆ ಸಿಗ್ಮಾಯ್ಡ್, ಫಿಲ್ಮಿಕ್ ಯಾವುದನ್ನೂ ಆನ್ ಮಾಡ್ಬೇಡಿ, ಟೋನ್ ಆಗಲೇ ಕೂತಾಗಿದೆ.

ಡಿಎನ್‌ಜಿ ಮಾಡ್ಕೊಂಡ್ರೆ ಎಡಿಟ್ ಎಲ್ಲಾ ಕಡೆ ಬರತ್ತೆ ಅನ್ನೋದು ಚೆನ್ನಾಗಿ ಓಡಾಡ್ತಿರೋ ತಪ್ಪು ಕಲ್ಪನೆ. ಅಡೋಬಿ 2004ರಲ್ಲಿ ಡಿಎನ್‌ಜಿ ತಂದಿದ್ದು ರಾ ಡೇಟಾಗೆ ಒಂದು ಓಪನ್ ಫಾರ್ಮ್ಯಾಟ್ ಇರ್ಲಿ ಅಂತ, ಒಳಗಿರೋ ಎಡಿಟ್ ಅದೇ ಅಡೋಬಿ ಟಿಪ್ಪಣಿ, ಬೇರೆಯವರು ಪೂರ್ತಿ ಓದಲ್ಲ. ಒಂದು ಉಪಯೋಗ ಇದೆ, ಡಿಎಕ್ಸ್‌ಒದಲ್ಲಿ ನಾಯ್ಸ್ ತೆಗೆದು ಲೆನ್ಸ್ ಕರೆಕ್ಷನ್ ಮಾತ್ರ ಮಾಡಿ ಲಿನಿಯರ್ ಡಿಎನ್‌ಜಿ ಆಗಿ ಹೊರಗೆ ತೆಗೆದ್ರೆ ಆ ಎರಡು ಕೆಲಸ ಪಿಕ್ಸೆಲ್‌ನಲ್ಲಿ ಉಳ್ಕೊಂಡು, ಬಣ್ಣ ಮತ್ತು ವೈಟ್ ಬ್ಯಾಲೆನ್ಸ್‌ಗೆ ಮಾತ್ರ ರಾ ಥರಾನೇ ಜಾಗ ಇರತ್ತೆ. ಕಬಿನಿಯಲ್ಲಿ ಸಂಜೆ ಐಎಸ್‌ಒ 6400ರಲ್ಲಿ ಹೊಡೆದ ಚಿರತೆ ಫೋಟೋಗೆಲ್ಲಾ ಇದು ಒಳ್ಳೆ ದಾರಿ.

ಡಾರ್ಕ್‌ಟೇಬಲ್ ಒಳಗೆ

ಡಾರ್ಕ್‌ಟೇಬಲ್ ಲೈಟ್‌ರೂಮ್‌ನ ಎಕ್ಸ್‌ಎಂಪಿನ ಸ್ವಲ್ಪ ಓದತ್ತೆ, ಇದನ್ನ ತುಂಬಾ ಜನಕ್ಕೆ ಗೊತ್ತಿಲ್ಲ. ರಾ ಪಕ್ಕ ಎಕ್ಸ್‌ಎಂಪಿ ಇಟ್ಟು ಇಂಪೋರ್ಟ್ ಮಾಡಿದ್ರೆ ಸ್ಟಾರ್, ಕಲರ್ ಲೇಬಲ್, ಟ್ಯಾಗ್, ಜಿಪಿಎಸ್ ಬರತ್ತೆ, ಜೊತೆಗೆ ಕ್ರಾಪ್ ಮತ್ತು ರೊಟೇಷನ್, ಎಕ್ಸ್‌ಪೋಶರ್, ಟೋನ್ ಕರ್ವ್, ಎಚ್‌ಎಸ್‌ಎಲ್ (ಒಂದೊಂದು ಬಣ್ಣನ ಬೇರೆಬೇರೆಯಾಗಿ ತಿದ್ದೋದು), ಸ್ಪ್ಲಿಟ್ ಟೋನಿಂಗ್, ವಿನೆಟ್, ಕ್ಲಾರಿಟಿ, ಗ್ರೇನ್, ಸ್ಪಾಟ್ ರಿಮೂವಲ್ ಇಷ್ಟನ್ನ ತನಗೆ ತಿಳಿದ ಹಾಗೆ ಅನುವಾದ ಮಾಡ್ಕೊಳ್ಳತ್ತೆ. ಹೈಲೈಟ್ಸ್, ಶ್ಯಾಡೋಸ್, ಬ್ರಷ್, ಎಐ ಮಾಸ್ಕ್ ಬರಲ್ಲ. ನನ್ನ ಅಭಿಪ್ರಾಯ ಕೇಳಿದ್ರೆ ಇದರಲ್ಲಿ ಕ್ರಾಪ್ ಮತ್ತು ಸ್ಪಾಟ್ ಇಟ್ಕೊಂಡು ಬಣ್ಣ-ಬೆಳಕಿನ ಮಾಡ್ಯೂಲ್ ಎಲ್ಲಾ ಆಫ್ ಮಾಡಿ ಹೊಸದಾಗಿ ಶುರು ಮಾಡೋದು ವಾಸಿ, ಯಾಕಂದ್ರೆ ಆ ಅನುವಾದದ ಮೇಲೆ ರಿಪೇರಿ ಮಾಡ್ತಾ ಕೂರೋದಕ್ಕಿಂತ ಎಕ್ಸ್‌ಪೋಶರ್, ಕಲರ್ ಕ್ಯಾಲಿಬ್ರೇಷನ್, ಸಿಗ್ಮಾಯ್ಡ್ ಅಂತ ಅದರ ದಾರೀಲೇ ಹೋದ್ರೆ ಬೇಗ ಮುಗಿಯತ್ತೆ. ಕ್ರಾಪ್ ಕೂಡ ಅಂಚಲ್ಲಿ ಸ್ವಲ್ಪ ಜರುಗಿರ್ಬಹುದು, ಲೈಟ್‌ರೂಮ್‌ನಲ್ಲಿ ಲೆನ್ಸ್ ಕರೆಕ್ಷನ್ ಆನ್ ಇದ್ದು ಇಲ್ಲಿ ಆಫ್ ಇದ್ರೆ ಹಾಗಾಗತ್ತೆ, ಲೆನ್ಸ್ ಕರೆಕ್ಷನ್ ಆನ್ ಮಾಡಿ ಆಮೇಲೆ ಕ್ರಾಪ್ ನೋಡಿ.

ಫೈಲ್ ಹೆಸರಿನ ವಿಷಯ ಗಮನಿಸಿ. ಡಿಎಸ್‌ಸಿ 4521 ಅನ್ನೋ ನಿಕಾನ್ ಫೈಲ್‌ಗೆ ಲೈಟ್‌ರೂಮ್ ಬರೆಯೋದು ಡಿಎಸ್‌ಸಿ 4521 ಡಾಟ್ ಎಕ್ಸ್‌ಎಂಪಿ, ಡಾರ್ಕ್‌ಟೇಬಲ್ ಬರೆಯೋದು ಡಿಎಸ್‌ಸಿ 4521 ಡಾಟ್ ಎನ್‌ಇಎಫ್ ಡಾಟ್ ಎಕ್ಸ್‌ಎಂಪಿ. ಹಾಗಾಗಿ ಒಂದು ಇನ್ನೊಂದನ್ನ ಅಳಿಸಲ್ಲ, ಎರಡೂ ಒಂದೇ ಫೋಲ್ಡರ್‌ನಲ್ಲಿ ನೆಮ್ಮದಿಯಾಗಿರ್ತವೆ. ಆದ್ರೆ ಲೈಟ್‌ರೂಮ್‌ದನ್ನ ಓದೋದು ಮೊದಲ ಇಂಪೋರ್ಟ್‌ನಲ್ಲಿ, ಡಾರ್ಕ್‌ಟೇಬಲ್ ತನ್ನದನ್ನ ಬರ್ಕೊಂಡ್ಮೇಲೆ ನೀವು ಲೈಟ್‌ರೂಮ್‌ನಲ್ಲಿ ಮತ್ತೆ ಸ್ಟಾರ್ ಬದಲಾಯಿಸಿದ್ರೆ ಇಲ್ಲಿ ಬರತ್ತೆ ಅಂತ ಕಾಯ್ಬೇಡಿ. ಡಿಜಿಕ್ಯಾಮ್ (ಫೋಟೋ ಜೋಡಿಸಿಡೋ ಇನ್ನೊಂದು ಫ್ರೀ ಪ್ರೋಗ್ರಾಂ) ಬಳಸೋರು ಸೆಟ್ಟಿಂಗ್ಸ್‌ನ ಮೆಟಾಡೇಟಾ ಭಾಗದಲ್ಲಿ ಸೈಡ್‌ಕಾರ್ ಓದೋದನ್ನ ಆನ್ ಮಾಡ್ಬೇಕು, ಕಮರ್ಷಿಯಲ್ ಪ್ರೋಗ್ರಾಂಗಳ ಹೆಸರಿನ ಕ್ರಮಕ್ಕೆ ಹೊಂದಿಸೋ ಆಪ್ಷನ್ನೂ ಅಲ್ಲೇ ಸಿಗತ್ತೆ.

ಎಡಿಟ್ ಮತ್ತೆ ಮಾಡ್ಬೇಕಾದ ಫೋಟೋಗೆ ಪಕ್ಕದಲ್ಲಿ ಇಟ್ಕೊಂಡು ನೋಡಕ್ಕೆ ಲೈಟ್‌ರೂಮ್‌ನ ಜೆಪೆಗ್ ಇರ್ಲಿ. ಅಗಲ 2048 ಪಿಕ್ಸೆಲ್ ಸಾಕು. ಅದನ್ನೂ ಡಾರ್ಕ್‌ಟೇಬಲ್‌ಗೆ ಇಂಪೋರ್ಟ್ ಮಾಡಿ ಲೈಟ್‌ಟೇಬಲ್‌ನ ಕಲ್ಲಿಂಗ್ ಮೋಡ್‌ನಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ರೆ ಆ ಧಾರೆ ಫೋಟೋದಲ್ಲಿ ಮುಖದ ಬಣ್ಣ ಎಷ್ಟು ಆಚೀಚೆ ಆಗಿದೆ ಅಂತ ಥಟ್ ಅಂತ ಗೊತ್ತಾಗತ್ತೆ. ಮೊದಲು ಚರ್ಮದ ಬಣ್ಣ ಸರಿ ಮಾಡಿ, ಆಮೇಲೆ ಸೀರೆ. ಉಲ್ಟಾ ಮಾಡಿದ್ರೆ ಎರಡೂ ಕೈಗೆ ಸಿಗಲ್ಲ.

ನಿಮ್ಮದೇ ಒಂದು ಪ್ರೀಸೆಟ್ (ಉಳಿಸಿಟ್ಟ ಸೆಟ್ಟಿಂಗ್) ಲುಕ್ ಇದ್ರೆ, ಅದನ್ನ ಸಾಗಿಸಕ್ಕೆ ಒಂದು ಚೆಂದದ ಉಪಾಯ ಇದೆ, ಹಾಲ್ಡ್ ಕ್ಲಟ್. ಇದು ಎಲ್ಲಾ ಬಣ್ಣಗಳನ್ನ ಚೌಕಾಚೌಕವಾಗಿ ಜೋಡಿಸಿರೋ ಒಂದು ಚಿತ್ರ ಅಷ್ಟೆ, ಲೆವೆಲ್ 8 ಅಂದ್ರೆ 512ಕ್ಕೆ 512 ಪಿಕ್ಸೆಲ್, ಲೆವೆಲ್ 12 ಅಂದ್ರೆ 1728ಕ್ಕೆ 1728. ಮುಟ್ಟದೆ ಇರೋ ಐಡೆಂಟಿಟಿ ಚಿತ್ರನ ಲೈಟ್‌ರೂಮ್‌ಗೆ ಹಾಕಿ, ಪ್ರೀಸೆಟ್‌ನ ಬಣ್ಣದ ಭಾಗ ಮತ್ತು ಕರ್ವ್ ಮಾತ್ರ ಅಪ್ಲೈ ಮಾಡಿ, ಎಸ್‌ಆರ್‌ಜಿಬಿ 16 ಬಿಟ್ ಟಿಫ್ ಆಗಿ ತೆಗೆದು ಪಿಎನ್‌ಜಿ ಮಾಡ್ಕೊಳ್ಳಿ, ಜಿಂಪ್‌ನಲ್ಲಿ ಆಗತ್ತೆ. ಈಗ ಆ ಪಿಎನ್‌ಜಿನ ಡಾರ್ಕ್‌ಟೇಬಲ್‌ನ ಲಟ್ 3ಡಿ ಮಾಡ್ಯೂಲ್‌ಗೋ ರಾಥೆರಪಿಯ ಫಿಲ್ಮ್ ಸಿಮ್ಯುಲೇಷನ್‌ಗೋ ಕೊಟ್ರೆ ಆ ಲುಕ್ ಬಂತು. ಕ್ಲಾರಿಟಿ, ಶ್ಯಾಡೋಸ್, ಹೈಲೈಟ್ಸ್, ವಿನೆಟ್, ಗ್ರೇನ್, ಶಾರ್ಪನಿಂಗ್ ಇವೆಲ್ಲಾ ಸೊನ್ನೆ ಇರ್ಬೇಕು, ಅವು ಬರೀ ಆ ಪಿಕ್ಸೆಲ್‌ನ ಬಣ್ಣ ಒಂದನ್ನೇ ನೋಡಿ ಕೆಲಸ ಮಾಡಲ್ಲ, ಹಾಗಾಗಿ ಚೌಕಗಳನ್ನ ಕದಡಿಬಿಡ್ತವೆ.

ಕ್ಯಾಪ್ಚರ್ ಒನ್‌ಗೆ ಹೋಗೋರಿಗೆ ಕೆಲಸ ಕಮ್ಮಿ, ಅದು ಲೈಟ್‌ರೂಮ್ ಕ್ಯಾಟಲಾಗ್‌ನ ನೇರ ಇಂಪೋರ್ಟ್ ಮಾಡ್ಕೊಳ್ಳತ್ತೆ, ಕಲೆಕ್ಷನ್ ಸಮೇತ. ಎಡಿಟ್‌ನಲ್ಲಿ ಕ್ರಾಪ್, ವೈಟ್ ಬ್ಯಾಲೆನ್ಸ್, ಎಕ್ಸ್‌ಪೋಶರ್, ಕಾಂಟ್ರಾಸ್ಟ್, ಸ್ಯಾಚುರೇಷನ್ ಇಂಥ ಮೇಲ್ಮೇಲಿನದ್ದು ಬರತ್ತೆ, ಅದೂ ಅಂದಾಜಿಗೆ.

ಉಲ್ಟಾ, ಡಾರ್ಕ್‌ಟೇಬಲ್‌ನಿಂದ ಲೈಟ್‌ರೂಮ್‌ಗೆ ಹೋದ್ರೆ ಎಡಿಟ್ ಒಂದೂ ಬರಲ್ಲ. ಸ್ಟಾರ್, ಟ್ಯಾಗ್ ಬೇಕಂದ್ರೆ ಆ ಎಕ್ಸ್‌ಎಂಪಿಗಳನ್ನ ಬೇರೆ ಕಡೆ ಕಾಪಿ ಮಾಡಿ, ಹೆಸರಿನ ಮಧ್ಯದ ಎನ್‌ಇಎಫ್ ಅಥವಾ (ಕ್ಯಾನನ್ ಆದ್ರೆ) ಸಿಆರ್3 ತೆಗೆದು, ರಾ ಪಕ್ಕ ಇಟ್ಟು ಇಂಪೋರ್ಟ್ ಮಾಡಿ. ಕಲರ್ ಲೇಬಲ್ ಬರಲ್ಲ, ಡಾರ್ಕ್‌ಟೇಬಲ್ ಅದನ್ನ ತನ್ನದೇ ಖಾನೆಯಲ್ಲಿ ಬರ್ದಿರತ್ತೆ.

ಯಾಕಿಷ್ಟು ಪಾಡು, ಇರೋದ್ರಲ್ಲೇ ಇದ್ಬಿಡೋಣ ಅನ್ನೋರಿಗೆ ಎರಡು ಹಳೇ ಸಂಗತಿ. ಆಪಲ್ 2014ರಲ್ಲಿ ತನ್ನ ಫೋಟೋ ಎಡಿಟಿಂಗ್ ಪ್ರೋಗ್ರಾಂ ಅಪರ್ಚರ್ ನಿಲ್ಲಿಸ್ತೀವಿ ಅಂತು, ಈಗಿನ ಮ್ಯಾಕ್‌ಓಎಸ್‌ನಲ್ಲಿ ಅದು ಓಡೋದೇ ಇಲ್ಲ. ನಿಕಾನ್‌ನ ಕ್ಯಾಪ್ಚರ್ ಎನ್‌ಎಕ್ಸ್2ನಲ್ಲಿ ಯು ಪಾಯಿಂಟ್ (ಫೋಟೋ ಮೇಲೆ ಚುಕ್ಕೆ ಇಟ್ಟು ಆ ಭಾಗ ತಿದ್ದೋ ಟೂಲ್) ಹಾಕಿ ಮಾಡಿದ ಎಡಿಟ್‌ಗಳನ್ನ ಅದೇ ವರ್ಷ ಅದರ ಜಾಗಕ್ಕೆ ಬಂದ ನಿಕಾನ್‌ನದೇ ಎನ್‌ಎಕ್ಸ್-ಡಿ ಓದ್ಲಿಲ್ಲ. ಸಾಗಿಸೋ ಕೆಲಸ ಇವತ್ತಲ್ಲ ನಾಳೆ ಬಂದೇ ಬರತ್ತೆ.

ಸಬ್‌ಸ್ಕ್ರಿಪ್ಷನ್ ಕ್ಯಾನ್ಸಲ್ ಮಾಡೋ ಮುಂಚೆ ಒಂದಿಪ್ಪತ್ತು ಫೋಟೋ ಆರಿಸಿ, ಕ್ರಾಪ್ ಆಗಿರೋದು, ಮಾಸ್ಕ್ ಇರೋದು, ಬ್ಲ್ಯಾಕ್ ಅಂಡ್ ವೈಟ್, ವರ್ಚುವಲ್ ಕಾಪಿ, ಕನ್ನಡದಲ್ಲಿ ಕ್ಯಾಪ್ಷನ್ ಹಾಕಿರೋದು ಎಲ್ಲಾ ಸೇರಿಸಿ ಪೂರ್ತಿ ಒಂದು ಸುತ್ತು ಸಾಗಿಸಿ ನೋಡಿ. ಟಿಫ್ ಮತ್ತು ಜೆಪೆಗ್ ಎಲ್ಲಾ ಹೊರಗೆ ಬಂದ್ಮೇಲೇ ಕ್ಯಾನ್ಸಲ್. ಅಕಸ್ಮಾತ್ ಸಬ್‌ಸ್ಕ್ರಿಪ್ಷನ್ ಮುಗಿದೇ ಹೋಯ್ತು ಅಂದ್ರೂ ಲೈಟ್‌ರೂಮ್ ಕ್ಲಾಸಿಕ್ ಓಪನ್ ಆಗತ್ತೆ, ಡೆವಲಪ್ (ಎಡಿಟ್ ಮಾಡೋ ಜಾಗ) ಮತ್ತು ಮ್ಯಾಪ್ ಬಂದ್ ಆಗಿರತ್ತೆ ಅಷ್ಟೆ, ಲೈಬ್ರರಿಯಿಂದ ಎಕ್ಸ್‌ಪೋರ್ಟ್ ಮಾಡ್ಬಹುದು. ಕ್ಯಾಟಲಾಗ್ ಫೈಲ್‌ನಂತೂ ಎಸೀಬೇಡಿ, ಅದು ಒಳಗೆ ಬರೀ ಎಸ್‌ಕ್ಯೂಲೈಟ್ ಡೇಟಾಬೇಸ್, ಎಸ್‌ಕ್ಯೂಲೈಟ್ ಓದೋ ಯಾವುದಾದ್ರೂ ಫ್ರೀ ಟೂಲ್‌ನಲ್ಲಿ ಅದರ ಕಾಪಿ ತೆಗೆದ್ರೆ ಕೀವರ್ಡ್, ಕಲೆಕ್ಷನ್ ಎಲ್ಲಾ ಟೇಬಲ್ ಟೇಬಲ್ ಆಗಿ ಕಾಣತ್ತೆ, ಮರೆತುಹೋದ ಕಲೆಕ್ಷನ್ ಒಂದರ ಲಿಸ್ಟ್ ಬೇಕಾದಾಗ ಅಲ್ಲಿಂದಲೇ ಎತ್ಕೋಬಹುದು.